ಕೌದಿಯ ಬಯಲಿಗೆ ಯಾವ ಹೊಲಿಗೆ

ಮೊನ್ನೆ ನನ್ನ ಸೊಸೆ ಒಂದು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟಳು. ಹೊಸ ಹೊಲಿಗೆ ಮಶಿನ್ ಕೊಂಡಿದ್ದಾಳೆ, ಅದರ ಜೊತೆಗೆ ಬಂದ ಪುಸ್ತಕ. ಪುಟ ತಿರುವಿದಷ್ಟೂ ನಮೂನೆಗಳು: ಬಳ್ಳಿ, ಗರಿ, ಸುರುಳಿ, ಜೇನುಗೂಡು, ಇನ್ನೂ ಏನೇನೋ. "ಅತ್ತೆ, ಈ ಹೂವನ್ನ ನಡುವೆ ಹಾಕ್ತೀನಿ. ಸುತ್ತ ಖಾಲಿ ಜಾಗ ಉಳಿಯುತ್ತಲ್ಲ, ಅದಕ್ಕೆ ಯಾವ ಡಿಸೈನ್ ತುಂಬಲಿ? ನೀವೇ ಹೇಳಿ" ಎಂದಳು. ನಾನು ಕನ್ನಡಕ ಹಾಕಿಕೊಂಡೆ, ತೆಗೆದೆ, ಸೆರಗಿನಿಂದ ಒರೆಸಿದೆ, ಮತ್ತೆ ಹಾಕಿಕೊಂಡೆ. ಬೆರಳು ಯಾವ ಪುಟದ ಮೇಲೂ ನಿಲ್ಲಲೊಲ್ಲದು. ಪಾರ್ಲೆಯ ಬಾಜಿ ಮಾರ್ಕೆಟ್ಟಿನಲ್ಲಿ ಒಂದು ಬದನೆಕಾಯಿಗಾಗಿ ಇಡೀ ಬುಟ್ಟಿ ತಿರುವಿ ಹಾಕುವವಳು ನಾನು. ಮನೆಗೆ ಬಣ್ಣ ಹೊಡೆಸುವಾಗ ಪೇಂಟರನ ಕೈಯಲ್ಲಿ ಮೂರು ಸಲ ಗೋಡೆ ಕೆರೆಸಿದವಳು. ಆರಿಸುವ ಕೆಲಸದಲ್ಲಿ ನನಗೆ ಸೋಲಿಲ್ಲ ಎಂದು ಮನೆಯವರೆಲ್ಲ ನಂಬಿದ್ದಾರೆ, ಬೈಯುತ್ತಲೂ ಇರುತ್ತಾರೆ. ಆದರೆ ಕೌದಿಯ ಖಾಲಿ ಜಾಗಕ್ಕೆ ಯಾವ ಹೊಲಿಗೆ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಎದೆ ಧಸಕ್ಕೆನ್ನುತ್ತದೆ. "ನಾಳೆ ಹೇಳ್ತೀನಿ ಹೋಗು" ಎಂದು ಪುಸ್ತಕ ಮುಚ್ಚಿಬಿಟ್ಟೆ. ಆಕೆ ಮುಖ ಸಣ್ಣದು ಮಾಡಿಕೊಂಡು ಹೋದಳು. ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ, ನಿಮಗೇನು, ಸುಮ್ಮನೆ ಕೂತು ಓದುವವರು.

ನಮ್ಮ ಮನೆಯಲ್ಲಿ ಆ ಖಾಲಿ ಜಾಗವನ್ನು ಬಯಲು ಎನ್ನುತ್ತಿದ್ದರು. ನಡುವೆ ಹೂವಿರಲಿ, ಹಕ್ಕಿಯಿರಲಿ, ಅದರ ಸುತ್ತ ಉಳಿಯುವುದೆಲ್ಲ ಬಯಲು. ಹಾಗೇ ಬಿಡುವಂತಿಲ್ಲ ಅದನ್ನು. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಹಾಸಿ ಕೌದಿ ಮಾಡುತ್ತಾರಲ್ಲ, ಬಯಲಿಗೆ ಹೊಲಿಗೆ ಬೀಳದೆ ಹೋದರೆ ನಾಲ್ಕು ಒಗೆತಕ್ಕೆ ಒಳಗಿನ ಪದರುಗಳೆಲ್ಲ ಒಂದು ಮೂಲೆಗೆ ಸೇರಿ ಗಂಟು ಕಟ್ಟಿ ಕೂಡುತ್ತವೆ. ಕೈಯಲ್ಲಿ ಹೊಲಿಯುವ ಹೆಂಗಸರಿಗೆ ಇದೊಂದು ಚಿಂತೆಯೇ ಅಲ್ಲ. ಅಂಚಿನಿಂದ ಶುರು ಮಾಡಿ ಸುತ್ತಿ ಸುತ್ತಿ ಒಳಗೆ ಬರುತ್ತಾರೆ, ಸೂಜಿ ನಡೆದ ದಾರಿಯೇ ನಮೂನೆ. ಮುಂಬಯಿಯವರು ಇದಕ್ಕೆ ಗೋಧಡಿ ಎನ್ನುತ್ತಾರೆ. ವರ್ಷವಿಡೀ ಬೆವರುವ ಈ ಊರಿನಲ್ಲಿ ಕೌದಿ ಹೊದೆಯುವವರು ಯಾರು ಎಂದು ನೀವು ಕೇಳಬಹುದು. ಯಾರೂ ಹೊದೆಯುವುದಿಲ್ಲ, ಹಾಸಿಕೊಳ್ಳುತ್ತಾರೆ. ಚಾಳಿನ ಶಹಾಬಾದಿ ಕಲ್ಲಿನ ನೆಲಕ್ಕೂ ಬೆನ್ನಿಗೂ ನಡುವೆ ಏನಾದರೂ ಬೇಕಲ್ಲ. ಡಿಸೆಂಬರಿನಲ್ಲಿ ನಾಲ್ಕು ದಿನ ತಣ್ಣನೆ ಗಾಳಿ ಬಂದರೆ ಹಾಸಿದ್ದನ್ನೇ ಎತ್ತಿ ಹೊದ್ದುಕೊಂಡು "ಏನ್ ಥಂಡಿ, ಏನ್ ಥಂಡಿ" ಎಂದು ಹೋಳಿಯ ತನಕ ಹೇಳಿಕೊಂಡು ತಿರುಗುತ್ತಾರೆ.

ನಾನು ಹೇಳುತ್ತಿರುವುದು ಐವತ್ತರ ದಶಕದ ಮಾತು. ಆಗ ನಾವಿದ್ದದ್ದು ಕುರ್ಲಾದ ಒಂದು ಚಾಳಿನಲ್ಲಿ. ಒಂದೇ ಕೋಣೆ, ಅದರ ಒಂದು ಮೂಲೆಗೆ ಒಲೆ, ಹೊರಗೆ ಎಲ್ಲರಿಗೂ ಸೇರಿದ ಗ್ಯಾಲರಿ. ನಾನು ಮೂರನೇ ಇಯತ್ತೆಯಲ್ಲಿದ್ದೆ. ಅಪ್ಪ ರೈಲ್ವೆ ಕಾರ್ಖಾನೆಯಲ್ಲಿ ಕಾರಕೂನ. ಹೆತ್ತವ್ವ ತೀರಿಕೊಂಡು ಎರಡು ವರ್ಷವಾಗಿತ್ತು. ಆ ಬೇಸಿಗೆಯಲ್ಲಿ ಅಪ್ಪ ಹುಬ್ಬಳ್ಳಿಗೆ ಹೋಗಿ ಇನ್ನೊಂದು ಮದುವೆ ಮಾಡಿಕೊಂಡು ಬಂದರು. ಬಂದವಳು ನೀಲವ್ವ. ನಾನು ಆಕೆಯನ್ನು ಚಿಗವ್ವ ಎಂದು ಕರೆಯಬೇಕೆಂದು ಎಲ್ಲರೂ ಹೇಳಿದರು, ಕರೆದೆ. ಹೇಳಿದ್ದನ್ನು ಕೇಳುವ ಹುಡುಗಿಯಾಗಿದ್ದೆ ಎಂದು ಇದರಿಂದ ತಿಳಿಯಬೇಡಿ, ಬೇರೆ ಹೆಸರು ನನಗೆ ಹೊಳೆದಿರಲಿಲ್ಲ ಅಷ್ಟೆ. ಚಿಗವ್ವನ ಜೊತೆಗೆ ಒಂದು ಟ್ರಂಕು, ಒಂದು ಕಾಲು ಮಶಿನ್ ಬಂದವು. ಕರಿಯ ಮಶಿನ್ನು, ಮೈಮೇಲೆ ಬಂಗಾರದ ಬಣ್ಣದ ಬಳ್ಳಿ. ಅದು ಕಿಟಕಿಯ ಕೆಳಗೆ ಕೂತ ಮೇಲೆ ನಮ್ಮ ಕೋಣೆಯಲ್ಲಿ ಉಳಿದವರೆಲ್ಲ ಅಡ್ಡಡ್ಡ ನಡೆಯಬೇಕಾಯಿತು. ಚಾಳಿನ ಹೆಂಗಸರ ಜಂಪರು, ಮಕ್ಕಳ ಚಡ್ಡಿ ಎಲ್ಲ ಆಕೆಯ ಕೈಗೆ ಬರತೊಡಗಿದವು. ಮಾತು ಕಡಿಮೆಯ ಹೆಂಗಸು. ನಾನೂ ಆಕೆಯ ಹತ್ತಿರ ಹೆಚ್ಚು ಮಾತಾಡುತ್ತಿರಲಿಲ್ಲ. ನಮ್ಮಿಬ್ಬರ ನಡುವೆ ಮಾತಾಡುತ್ತಿದ್ದುದು ಮಶಿನ್ ಒಂದೇ.

ದೀಪಾವಳಿ ಮುಗಿದ ಮೇಲೆ, ಶಾಲೆಗೆ ಇನ್ನೂ ರಜೆ ಇರುವಾಗ, ಗದಗಿನಿಂದ ಆಯಿ ಬಂದಳು. ಆಯಿ ಎಂದರೆ ನನ್ನ ಹೆತ್ತವ್ವನ ತಾಯಿ. ಹಣೆತುಂಬ ವಿಭೂತಿ, ಕೈಯಲ್ಲಿ ಒಂದು ಗಂಟು, ಬಾಯಲ್ಲಿ ಒಂದು ತೀರ್ಮಾನ. ಹೊಸ್ತಿಲು ದಾಟಿ ನೀರು ಕುಡಿದವಳೇ ಅಪ್ಪನಿಗೆ ಹೇಳಿದಳು: "ಅಳಿಯಾರ, ಶುಕ್ರವಾರಕ್ಕ ನನಗ ವಾಪಸ್ ಹೋಗಾಕ ಒಂದೂವರೆ ಟಿಕೀಟ ತಗಿಸಿರ್ರಿ. ಕೂಸಿನ್ನ ಕರಕೊಂಡು ಹೋಗಬೇಕೋ, ಇಲ್ಲೇ ಬಿಡಬೇಕೋ, ಅಲ್ಲೀಮಟ ನೋಡಿ ಹೇಳತೀನಿ." ಅಪ್ಪ "ಹೂಂ" ಎಂದರು. ಅಪ್ಪನ ಬಾಯಿಂದ ಆಯಿಯ ಎದುರು ಅದಕ್ಕಿಂತ ಉದ್ದದ ಮಾತು ಬಂದದ್ದು ನಾನು ಕೇಳಿಲ್ಲ. ಚಿಗವ್ವ ಒಲೆಯ ಮುಂದೆ ಕೂತಿದ್ದಳು. ಆಕೆ ಊದುಗೊಳವೆ ಕೆಳಗಿಟ್ಟು ಒಂದು ಗಳಿಗೆ ಬೆಂಕಿಯನ್ನೇ ನೋಡಿ, ಮತ್ತೆ ಊದತೊಡಗಿದಳು.

ಅರ್ಧ ಟಿಕೀಟು ನಾನು. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೂ ಏನು ಹೇಳುತ್ತಿದ್ದೆನೋ ಗೊತ್ತಿಲ್ಲ. ಹೋದರೆ ಅಪ್ಪ ಇಲ್ಲ, ಉಳಿದರೆ ಆಯಿ ಇಲ್ಲ. ಬೆಳಿಗ್ಗೆ ಆಯಿ ತಲೆ ಬಾಚುವಾಗ ಗದಗಿಗೆ ಹೋಗಬೇಕೆನಿಸುತ್ತಿತ್ತು, ಸಂಜೆ ಅಪ್ಪ ಸ್ಟೇಷನ್ನಿನಿಂದ ಶೇಂಗಾ ಪೊಟ್ಟಣ ತಂದರೆ ಬೇಡವೆನಿಸುತ್ತಿತ್ತು. ಹೆದರಿಕೆಯಂತೂ ಎರಡಕ್ಕೂ ಇತ್ತು. ಚಿಗವ್ವನಿಗೆ ಏನು ಬೇಕಿತ್ತು ಎಂಬುದು ಯಾರಿಗೂ ತಿಳಿಯದು. ಮಲಮಗಳನ್ನು ಅಜ್ಜಿ ಕರೆದುಕೊಂಡು ಹೋದಳೆಂದರೆ ಚಾಳಿನವರು ಏನೆನ್ನುತ್ತಾರೆ ಎಂದು ಆಕೆಗೆ ಗೊತ್ತಿಲ್ಲದೆ ಇರಲಿಲ್ಲ. ನಮ್ಮ ಚಾಳಿನಲ್ಲಿ ಒಬ್ಬರ ಮನೆಯ ಸಾರು ಉಕ್ಕಿದರೆ ಕೆಳಗಿನ ಮಾಳಿಗೆಯವರು ಉಪ್ಪು ಹೆಚ್ಚಾಯಿತು ಎಂದು ಹೇಳುವವರು.

ಮರುದಿನ ಆಯಿ ಗಂಟು ಬಿಚ್ಚಿದಳು. ಒಳಗೆ ನನ್ನ ಅವ್ವನ ಸೀರೆಗಳು. ಅವ್ವ ಹೋದಾಗ ಆಯಿ ಅವನ್ನೆಲ್ಲ ಗದಗಿಗೆ ಒಯ್ದಿದ್ದಳು. ಮೂರು ನೂಲಿನ ಸೀರೆ, ಒಂದು ಇಳಕಲ್ ಸೀರೆ, ಕೆಂಪು ಸೆರಗಿನದು. ಅವ್ವನ ವಾಸನೆ ಇರುತ್ತದೆಂದು ನಾನು ಮೂಗು ಹಚ್ಚಿ ಒತ್ತಿದೆ. ಬಂದದ್ದು ಡಾಂಬರ ಗುಳಿಗೆಯ ವಾಸನೆ. ನನಗೆ ಸೀನು ಬಂತು. ಆಯಿಗೆ ಮಾತ್ರ ನಾನು ಅಳುತ್ತಿದ್ದೇನೆಂದು ಅನಿಸಿ ತಲೆ ಸವರಿದಳು.

"ಇವು ನನ್ನ ಗಂಗಾನ ಸೀರಿ," ಎಂದು ಆಯಿ ಚಿಗವ್ವನಿಗೆ ಹೇಳಿದಳು. "ಈ ಕೂಸಿಗೆ ಕೌದಿ ಆಗಬೇಕು. ನನ್ನ ಬೆರಳ ಗೆಣ್ಣು ಬಾತಾವು, ಸೂಜಿ ಹಿಡ್ಯಾಕ ಆಗೂದಿಲ್ಲ. ನೀ ಮಶಿನ್‍ಮ್ಯಾಗ ಹೊಲಿ. ಕತ್ತರಿ ಹಚ್ಚಬಾರದು. ಬ್ಯಾರೆ ಯಾರದೂ ಒಂದು ಚಿಂದಿ ಸೈತ ಇದರಾಗ ಸೇರಬಾರದು."

"ಆಗಲ್ರಿ ಅಮ್ಮಾರ," ಎಂದಳು ಚಿಗವ್ವ.

ಇದು ಪರೀಕ್ಷೆ ಎಂದು ನನಗೂ ಗೊತ್ತಾಯಿತು. ಆಯಿ ಜನರನ್ನು ನೋಡುತ್ತಿದ್ದುದು ಅವರ ಕೆಲಸದಲ್ಲಿ. ನಮ್ಮ ಅಪ್ಪನನ್ನು ಅಳಿಯನಾಗಿ ಒಪ್ಪಿದ್ದೂ ಅವರು ಊಟದ ತಾಟಿನಲ್ಲಿ ಒಂದು ಅಗುಳೂ ಬಿಡದ್ದನ್ನು ನೋಡಿಯಂತೆ. ಅಪ್ಪನಿಗೆ ಅವತ್ತು ಹಸಿವು ಜೋರಾಗಿತ್ತು, ಅದೇ ಅವರ ಪುಣ್ಯ. ಈಗ ಶುಕ್ರವಾರದೊಳಗೆ ಕೌದಿ ಆಗಬೇಕು, ಆಯಿಗೆ ಒಪ್ಪಿಗೆಯಾಗಬೇಕು, ಅವ್ವನ ಸೀರೆಗೆ ಒಂದು ಗೀರೂ ಬೀಳಬಾರದು. ಆ ಸೀರೆಗಳೋ, ಉಟ್ಟು ಒಗೆದು ಹಾಲಿನ ಕೆನೆಯ ಹಾಗೆ ಆಗಿದ್ದವು.

ಹಾಸುವ ಕೆಲಸಕ್ಕೆ ತೊಂದರೆಯಾಗಲಿಲ್ಲ. ಮೂರು ಸೀರೆ ಮಡಚಿ ಒಳಗೆ, ಇಳಕಲ್ ಸೀರೆ ಮೇಲೆ, ಕೆಂಪು ಸೆರಗು ತಲೆದೆಸೆಗೆ. ಮಲಗಿದರೆ ಅವ್ವನ ಸೆರಗು ಕೆನ್ನೆಗೆ ತಾಗಬೇಕು, ಅದು ಆಯಿಯ ಲೆಕ್ಕ. ನಡುವೆ ನವಿಲು ಎಂಬುದೂ ಜಗಳವಿಲ್ಲದೆ ನಿಕ್ಕಿಯಾಯಿತು. ಅವ್ವ ಕುಬಸದ ಮೇಲೆ ಕಸೂತಿ ನವಿಲು ಹಾಕುತ್ತಿದ್ದಳಂತೆ. ಚಿಗವ್ವ ಹಳೆಯ ಪೇಪರಿನ ಮೇಲೆ ಒಂದು ನವಿಲು ಬರೆದು ತೋರಿಸಿದಳು. ನನ್ನ ಕಣ್ಣಿಗೆ ಅದು ಕೋಳಿ. ಹೇಳುವಷ್ಟರಲ್ಲಿ ಅಪ್ಪ ನನ್ನ ಕಾಲು ತುಳಿದರು.

ಸಮಸ್ಯೆ ಬಂದದ್ದು ಬಯಲಿಗೆ. ಚಿಗವ್ವ ಹೊಲಿಗೆಯ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದೊಂದೇ ನಮೂನೆ ಬರೆಯುತ್ತ ಹೋದಳು. ಆಯಿ ಟ್ರಂಕಿನ ಮೇಲೆ ಕೂತು ನೋಡುತ್ತ ಹೋದಳು. ಮೊದಲನೆಯದು ಚೌಕುಳಿ, ಓರೆಗೆರೆ ಎಳೆದು ಮತ್ತೆ ಓರೆಗೆರೆ ಎಳೆದದ್ದು.

"ಇದು ಜೇಲಿನ ಕಿಡಕಿ," ಎಂದಳು ಆಯಿ.

ಚಿಗವ್ವ ಒದ್ದೆ ಬಟ್ಟೆಯಿಂದ ಒರೆಸಿದಳು. ಎರಡನೆಯದು ಸುರುಳಿ, ಒಂದರ ಪಕ್ಕ ಒಂದು.

"ಹಾವು ಸುತಗೊಂಡು ಮಲಗಿಧಂಗ ಐತಿ. ಅದರ ಮ್ಯಾಲ ಕೂಸು ಮಲಗಬೇಕ?"

ಚಿಗವ್ವ ಅದನ್ನೂ ಒರೆಸಿದಳು. ಅಷ್ಟರಲ್ಲಿ ಪಕ್ಕದ ಕೋಣೆಯ ಗಿರಿಜಕ್ಕ ಬಾಗಿಲಲ್ಲಿ ನಿಂತರು. ಉಡುಪಿಯ ಕಡೆಯವರು, ಗಂಡ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಅಡಿಗೆಗೆ. ಅವರ ಮನೆಯಲ್ಲಿ ಹೋಟೆಲಿನ ಚಹಾ ಕಪ್ಪಿನ ಬಶಿ ಒಂದಿತ್ತು, ಅಂಚು ಮುಕ್ಕಾದದ್ದು. ಅದನ್ನೇ ತಂದು ನೆಲಕ್ಕೆ ಬೋರಲು ಹಾಕಿ, ಅರ್ಧ ಅರ್ಧ ಸುತ್ತು ಎಳೆದು, ಸಾಲಿನ ಮೇಲೆ ಸಾಲು ಜೋಡಿಸಿ ತೋರಿಸಿದರು. ನಿಜವಾಗಿ ಚಂದವಿತ್ತು. ಆಯಿಯ ಮುಖವೂ ಸ್ವಲ್ಪ ಸಡಿಲಾಯಿತು. ಚಿಗವ್ವ ಉಸಿರು ಬಿಟ್ಟಳು.

"ಲಾಯ್ಕ ಉಂಟಲ್ಲ ಮಾರಾಯ್ರೆ?" ಎಂದರು ಗಿರಿಜಕ್ಕ ಸಂತೋಷದಿಂದ. "ನಮ್ಮಲ್ಲಿ ಇದಕ್ಕೆ ಮೀನಿನ ಪೊರೆ ಅಂತ ಹೇಳುದು."

ಆಯಿ ಕೊರಳ ಲಿಂಗ ಮುಟ್ಟಿಕೊಂಡಳು. "ಶಿವಶಿವಾ! ಮೀನದ್ದ? ಕೂಸಿನ ಮೈಗ?"

ಗಿರಿಜಕ್ಕ ಬಶಿ ಎತ್ತಿಕೊಂಡು ಹೋದರು. ಹೋಗುತ್ತ ಗ್ಯಾಲರಿಯಲ್ಲಿ ನಗುತ್ತಿದ್ದುದು ನಮಗೆ ಕೇಳಿಸಿತು, ಆಯಿಗೂ ಕೇಳಿಸಿತು. ಹೆಸರು ಹೇಳದೆ ಇದ್ದಿದ್ದರೆ ನಾನು ಇವತ್ತಿಗೂ ಮೀನಿನ ಪೊರೆಯ ಮೇಲೆ ಮಲಗುತ್ತಿದ್ದೆನೇನೋ.

ಹೀಗೆಯೇ ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. ಅಲೆ ಹಾಕಿದರೆ ಆಯಿಗೆ ತಲೆ ತಿರುಗಿತು. ಎಲೆ ಹಾಕಿದರೆ ಅದು ಬೇವೋ ಎಕ್ಕೆಯೋ ತಿಳಿಯದಾಯಿತು. ನೆಲ ಒರೆಸುವ ಚಿಗವ್ವನ ಕೈಯ ರಭಸ ಹೊತ್ತಿನಿಂದ ಹೊತ್ತಿಗೆ ಹೆಚ್ಚುತ್ತಿತ್ತು, ಬಾಯಿ ಮಾತ್ರ "ಆಗಲ್ರಿ" ಎನ್ನುತ್ತಿತ್ತು. ನಾನೂ ಸುಮ್ಮನಿರದೆ ಒಂದು ನಮೂನೆ ಕೊಟ್ಟೆ. ನಮ್ಮ ಗ್ಯಾಲರಿಯ ತುದಿಯಿಂದ ಕುರ್ಲಾ ಸ್ಟೇಷನ್ನಿನ ಹಳಿಗಳು ಕಾಣುತ್ತಿದ್ದವು. ಒಂದು ಎರಡಾಗಿ, ಎರಡು ನಾಲ್ಕಾಗಿ, ಮತ್ತೆ ಕೂಡಿ ಹೋಗುವ ಹಳಿಗಳು. ಅವನ್ನೇ ನೆಲದ ಮೇಲೆ ಬರೆದೆ. ಆಯಿ ನೋಡಿದಳು. ನನ್ನನ್ನು ನೋಡಿದಳು. "ರೈಲ ಬ್ಯಾಡವಾ," ಎಂದಳು ಮೆಲ್ಲಗೆ. ಅಪ್ಪ ಪೇಪರು ಮಡಚಿ ಗ್ಯಾಲರಿಗೆ ಹೋದರು. ಅಷ್ಟು ಹೊತ್ತೂ ಶುಕ್ರವಾರ ಎಂಬ ಮಾತು ಯಾರ ಬಾಯಲ್ಲೂ ಬಂದಿರಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ಅದೇ ಇತ್ತು.

ಬುಧವಾರ ಬೆಳಿಗ್ಗೆ ಚಿಗವ್ವ ಸೀಮೆಸುಣ್ಣ ಪಕ್ಕಕ್ಕಿಟ್ಟು ಆಯಿಯ ಎದುರು ಬಂದು ಕೂತಳು. "ಅಮ್ಮಾರ, ನೀವು ಕೈಲೆ ಹೆಂಗ ಹೊಲೀತಿದ್ರಿ? ಅದನ್ನ ಹೇಳ್ರಿ. ನಾ ಮಶಿನ್‍ಮ್ಯಾಗ ಹಂಗs ಹೊಲೀತೀನಿ."

ಬುದ್ಧಿವಂತಿಕೆಯ ಮಾತು. ಆಯಿಗೆ ತನ್ನದೇ ನಮೂನೆಯನ್ನು ಬೇಡವೆನ್ನಲು ಬರುತ್ತದೆಯೇ? ಆಯಿ ಬೆರಳಿನಿಂದ ತೋರಿಸಿದಳು: ಅಂಚಿನ ಒಂದು ಮೂಲೆಯಿಂದ ಹೊರಟು, ನಾಲ್ಕೂ ಬದಿ ಸುತ್ತಿ, ಎರಡು ಬೆರಳು ಒಳಗೆ ಬಂದು ಮತ್ತೆ ಸುತ್ತಿ, ಹಾಗೇ ನಡುವಿನ ತನಕ. ನಡುವೆ ಒಂದು ಹರಿವಾಣದಷ್ಟು ಜಾಗ ಉಳಿಯಬೇಕು, ಕೊನೆಗೆ ಅಲ್ಲಿ ನವಿಲು ಕೂಡಬೇಕು. "ಹಿಂಗ ಸುತ್ತು ಹಾಕಿದ್ರ ಕೂಸಿನ ಸುತ್ತ ಬೇಲಿ ಹಾಕಿಧಂಗ," ಎಂದಳು. ಆಯಿ ಬಂದ ಮೇಲೆ ಮೊದಲ ಸಲ ಇಬ್ಬರೂ ಒಟ್ಟಿಗೆ ಕೂತು ಚಹಾ ಕುಡಿದರು. ನನಗೆ ಎಷ್ಟು ಸಮಾಧಾನವಾಯಿತೆಂದರೆ ನಾನು ಹೋಗುವುದೋ ಇರುವುದೋ ಎಂಬುದನ್ನು ಸ್ವಲ್ಪ ಹೊತ್ತು ಮರೆತೆ.

ಈಗ ನನ್ನ ಸೊಸೆಯ ಪುಸ್ತಕದ ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಬರೆದಿದ್ದಾರೆ: ಮಶಿನ್ನಿನಲ್ಲಿ ಹೊಲಿಯುವಾಗ ನಡುವಿನಿಂದ ಶುರು ಮಾಡಿ ಅಂಚಿನ ಕಡೆಗೆ ಹೋಗಿ. ಅದನ್ನು ಓದಿ ನಾನು ನಕ್ಕೆನೋ ಅತ್ತೆನೋ ನನಗೇ ತಿಳಿಯಲಿಲ್ಲ. ಕೈಯಲ್ಲಿ ಹೊಲಿಯುವವಳು ಒಂದೊಂದು ಹೊಲಿಗೆಗೂ ಅಂಗೈಯಿಂದ ಬಟ್ಟೆ ಸವರುತ್ತಾಳೆ, ಹೆಚ್ಚಾದ ಬಟ್ಟೆ ಅವಳ ಕೈಯ ಕೆಳಗೇ ಎಲ್ಲೆಲ್ಲೋ ಹಂಚಿ ಹೋಗುತ್ತದೆ. ಮಶಿನ್ನಿಗೆ ಅಂಗೈ ಇಲ್ಲ. ಅದರ ಕಬ್ಬಿಣದ ಪಾದ ಮೇಲಿನ ಬಟ್ಟೆಯನ್ನು ಕೂದಲೆಳೆಯಷ್ಟು ಮುಂದೆ ಮುಂದೆ ದೂಡುತ್ತದೆ. ಅಂಚನ್ನು ಮೊದಲೇ ಬಿಗಿದುಬಿಟ್ಟರೆ ದೂಡಿದ್ದೆಲ್ಲ ಬಂದು ಸೇರುವುದು ನಡುವಿಗೆ. ಆಯಿಗೆ ಕೌದಿ ಗೊತ್ತಿತ್ತು, ಮಶಿನ್ ಗೊತ್ತಿರಲಿಲ್ಲ. ಚಿಗವ್ವನಿಗೆ ಮಶಿನ್ ಗೊತ್ತಿತ್ತು, ಕೌದಿ ಗೊತ್ತಿರಲಿಲ್ಲ. ಗೊತ್ತಿದ್ದವರು ಯಾರೂ ಕುರ್ಲಾದ ಆ ಚಾಳಿನಲ್ಲಿ ಇರಲಿಲ್ಲ.

ಹೊಲಿಗೆ ಶುರುವಾಯಿತು. ಕೌದಿಯ ಒಂದು ಬದಿಯನ್ನು ಹಾಸಿಗೆಯಂತೆ ಸುರುಳಿ ಸುತ್ತಿ ಮಶಿನ್ನಿನ ಕುತ್ತಿಗೆಯ ಕೆಳಗೆ ತೂರಿಸಬೇಕು, ಇನ್ನೊಂದು ಬದಿಯನ್ನು ಯಾರಾದರೂ ಎತ್ತಿ ಹಿಡಿಯಬೇಕು. ಆ ಯಾರಾದರೂ ನಾನು. ತೋಳು ನೋಯುತ್ತಿತ್ತು, ಬಿಡುವಂತಿರಲಿಲ್ಲ. ಟಕಟಕಟಕ ಎಂದು ಮಶಿನ್ ಓಡುವುದು, ಮೂಲೆ ಬಂದಾಗ ನಿಲ್ಲುವುದು, ಇಬ್ಬರೂ ಸೇರಿ ಕೌದಿ ತಿರುಗಿಸುವುದು, ಮತ್ತೆ ಟಕಟಕಟಕ. ಮೊದಲ ಸುತ್ತುಗಳು ಹಳಿಯ ಹಾಗೆ ನೇರ ಬಿದ್ದವು. ಆಯಿ ಹತ್ತಿರ ಬಂದು ಉಬ್ಬಿದ ಬೆರಳಿನಿಂದ ಸವರಿ ನೋಡಿ ಏನೂ ಅನ್ನದೆ ಹೋಗಿ ಕೂತಳು. ಆಯಿ ಏನೂ ಅನ್ನದಿರುವುದೆಂದರೆ ಹೊಗಳಿದಂತೆ.

ಗುರುವಾರ ಮಧ್ಯಾಹ್ನ ಮಶಿನ್ ಒಮ್ಮೆಗೇ ನಿಂತಿತು. ಮೂಲೆ ಬಂದಿರಲಿಲ್ಲ. ಚಿಗವ್ವ ಕೌದಿಯ ನಡುವೆ ಅಂಗೈ ಇಟ್ಟು ಒತ್ತಿದಳು, ಬಿಟ್ಟಳು. ಅದು ಮತ್ತೆ ಎದ್ದಿತು.

"ಅಮ್ಮಾರ, ನಡುವ ಉಬ್ಬಾಕ ಹತ್ತೈತ್ರಿ."

"ಕೌದಿ ಮೊದಲ ಹಂಗs ಕಾಣತೈತಿ. ಒತ್ತಿ ಹಿಡದು ತುಳಿ," ಎಂದಳು ಆಯಿ.

"ಇಲ್ರಿ, ಇಷ್ಟಕ್ಕ ನಿಲ್ಲಿಸಿ ನೋಡೂಣು ಅಂತ..."

"ನಾ ನಿನಗಿಂತ ಮೊದಲ ಕೌದಿ ಕಂಡಾಕಿ. ತುಳಿ."

ಚಿಗವ್ವ ತುಳಿದಳು. ಆಕೆಯ ಕುತ್ತಿಗೆಯಿಂದ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು. ಉಬ್ಬು ಸುತ್ತಿನಿಂದ ಸುತ್ತಿಗೆ ಬೆಳೆಯಿತು. ಕೊನೆಯ ಸುತ್ತು ಮುಗಿಸಿ ಕೌದಿಯನ್ನು ನೆಲಕ್ಕೆ ಹಾಸಿದಾಗ ಅಂಚುಗಳೆಲ್ಲ ಹಪ್ಪಳದಂತೆ ಚಪ್ಪಟೆ, ನಡುವೆ ಮಾತ್ರ ಎಣ್ಣೆಗೆ ಬಿಟ್ಟ ಪೂರಿ. ನವಿಲು ಕೂಡಬೇಕಾದ ಜಾಗದಲ್ಲಿ ಹೊಟ್ಟೆಯೊಂದು ಎದ್ದು ಕೂತಿತ್ತು. ನಾನು ನಗಬಾರದಿತ್ತು. ನಗು ಬಂದುಬಿಟ್ಟಿತು. ಆಯಿಯ ಮುಖ ನೋಡಿ ಅದು ಗಂಟಲಲ್ಲೇ ನಿಂತಿತು.

"ಇದs ಏನು ನಿನ್ನ ಮಶಿನ್?" ಎಂದಳು ಆಯಿ.

"ಅಂಚಿನಿಂದ ಬಾ ಅಂದಾಕಿ ನೀವs ಅಲ್ರಿ?" ಚಿಗವ್ವನ ದನಿ ನಾನು ಅಷ್ಟು ಗಟ್ಟಿಯಾಗಿ ಕೇಳಿರಲಿಲ್ಲ. "ನಿಲ್ಲಿಸತೀನಿ ಅಂದ್ರ ತುಳಿ ಅಂದ್ರಿ. ಜೇಲು ಅಂದ್ರಿ, ಹಾವು ಅಂದ್ರಿ, ಎಲ್ಲಾ ಒರಸಿದೆ. ಇನ್ನೇನ್ ಮಾಡಬೇಕಾಗಿತ್ರಿ ನಾ?"

ಬಾಗಿಲ ಹೊರಗೆ ಗಿರಿಜಕ್ಕನ ಸೀರೆಯ ಅಂಚು ಕಂಡು ಮಾಯವಾಯಿತು.

ಚಿಗವ್ವ ಕೌದಿಯ ಪಕ್ಕ ಕೂತಳು. ಒಂದು ಬದಿಯ ಹೊಲಿಗೆ ಬಿಚ್ಚಿ ನೋಡಿದಳು. ನೂಲಿನ ಜೊತೆ ಸೀರೆಯ ಎಳೆಯೂ ಬಂತು, ಸೂಜಿ ಹೋದಲ್ಲೆಲ್ಲ ಸಾಲು ತೂತು ಉಳಿಯಿತು. ಬಿಚ್ಚುತ್ತ ಹೋದರೆ ಸೀರೆ ಉಳಿಯುವುದಿಲ್ಲ. "ಮ್ಯಾಲಿನ ಪದರಕ್ಕ ನಡುವ ಒಂದ ಗೀಟು ಕತ್ತರಿಸಿ, ಒಂದರ ಮ್ಯಾಲ ಒಂದು ಕೂಡಿಸಿ ಹೊಲಿದ್ರ ಉಬ್ಬು ಇಳೀತೈತಿ. ಬ್ಯಾರೆ ದಾರಿ ನನಗ ಕಾಣವಲ್ದು," ಎಂದಳು. ಆಯಿ ಮುಖ ಗೋಡೆಯ ಕಡೆ ತಿರುಗಿಸಿ "ಮಾಡು" ಎಂದಳು.

ಕತ್ತರಿ ಸಣ್ಣಗೆ ಒಂದು ಗೀಟು ಹಾಕಿತು. ಚಿಗವ್ವ ಎರಡೂ ಅಂಚುಗಳನ್ನು ಹಿಡಿದು ಒಂದರ ಮೇಲೊಂದು ತರಲು ಮೆಲ್ಲನೆ ಎಳೆದಳು. ಹಳೆಯ ಸೀರೆ ಚರ್ರನೆ ಹರಿಯಿತು. ಒಂದು ಕಡೆಯಲ್ಲ, ನಾಲ್ಕು ಕಡೆ. ನಾನು ಕಿರುಚಿದೆ. ಏನೆಂದು ಕಿರುಚಿದೆನೋ ನೆನಪಿಲ್ಲ, ನನ್ನ ಅವ್ವನೇ ಹರಿದು ಹೋದ ಹಾಗೆ ನನಗೆ ಅನಿಸಿತ್ತು. ಕೌದಿಯ ನಡುವೆ ಊಟದ ತಾಟಿನಷ್ಟು ತೂತು ಬಿದ್ದು ಒಳಗಿನ ನೂಲಿನ ಸೀರೆ ಕಾಣುತ್ತಿತ್ತು. ಚಿಗವ್ವ ಎರಡೂ ಕೈ ಮೇಲೆತ್ತಿ ಹಾಗೇ ಕೂತಿದ್ದಳು, ಮುಟ್ಟಿದರೆ ಇನ್ನೂ ಹರಿಯುತ್ತದೆ ಎನ್ನುವಂತೆ.

ಆ ಹೊತ್ತಿಗೇ ಅಪ್ಪ ಕೆಲಸದಿಂದ ಬಂದರು. ಛತ್ರಿಯನ್ನು ಮೊಳೆಗೆ ಸಿಕ್ಕಿಸಿ, "ಚಾ ಐತೇನು?" ಎಂದರು. ಲೋಕದಲ್ಲಿ ಏನೇ ಆದರೂ ಗಂಡಸರು ಸರಿಯಾದ ಹೊತ್ತಿಗೆ ಚಹಾ ಕೇಳುತ್ತಾರೆ. ಆಮೇಲೆ ನೆಲ ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಮತ್ತೆ ಗ್ಯಾಲರಿಗೆ ಹೋದರು.

"ಸಾಕು," ಎಂದಳು ಆಯಿ. "ಕೂಸಿನ ಅರಿವಿ ಕಟ್ಟು. ನಾಳೆ ನನ್ನ ಜೋಡಿ ಬರತಾಳ. ಹರಕ ಕೌದಿ ಹೊತಗೊಂಡು ಊರಿಗೆ ಹೋಗಾಕ ಆಗೂದಿಲ್ಲ, ತೂತು ಮುಚ್ಚಿ ಕೊಡು."

"ಯಾತರಲೇ ಮುಚ್ಚಲ್ರಿ? ಗಂಗಕ್ಕನ ಸೀರೀದು ಒಂದು ಚಿಂದೀನೂ ಉಳಿದಿಲ್ಲ. ಎಲ್ಲಾ ಒಳಗ ಸೇರೇತಿ."

ಬೇರೆಯವರ ಚಿಂದಿ ಸೇರಬಾರದೆಂದವಳು ಅವಳೇ. ಇಬ್ಬರೂ ತೂತಿನ ಎರಡು ಬದಿಗೆ ಕೂತು ಅದನ್ನೇ ನೋಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಎದ್ದು ಹೋಗಿ ಗೂಟದಲ್ಲಿದ್ದ ನನ್ನ ಶಾಲೆಯ ಫ್ರಾಕ್ ತಂದು ಕೌದಿಯ ಮೇಲೆ ಹಾಕಿ, "ಇದನ್ನ ಕತ್ತರಸ್ರಿ. ಇದು ನಂದs ಐತಿ, ಬ್ಯಾರೆಯವರದಲ್ಲ" ಎಂದೆ.

ಎಂಥ ತ್ಯಾಗ ಎಂದು ನೀವು ಕಣ್ಣೊರೆಸಿಕೊಳ್ಳಬೇಡಿ. ಆ ಫ್ರಾಕನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಚಿಗವ್ವ ಹೊಲಿದ ನೀಲಿ ಫ್ರಾಕ್, ಜೋಳದ ಚೀಲದ ಹಾಗೆ ದೊಗಳೆ. ಕಂಕುಳಲ್ಲಿ ಗಾಳಿ ಆಡುತ್ತಿತ್ತು. ಶಾಲೆಯಲ್ಲಿ ಹುಡುಗಿಯರು "ನಿನ್ನ ಜೊತೆ ಒಳಗೆ ಇನ್ನೊಬ್ಬಳು ಇದ್ದಾಳೇನೇ?" ಎಂದು ಕೇಳುತ್ತಿದ್ದರು. ಅದು ಹಾಳಾದರೆ ಹೊಸದು ಬರುತ್ತದೆ ಎಂಬುದೊಂದೇ ನನ್ನ ಲೆಕ್ಕ.

ಆಯಿ ಫ್ರಾಕ್ ಎತ್ತಿಕೊಂಡು ಕತ್ತರಿಗೆ ಕೈ ಹಾಕಿದಳು. ಎಲ್ಲಿಂದ ಕತ್ತರಿಸಲಿ ಎಂದು ನೋಡಲು ಅದನ್ನು ಒಳಮಗ್ಗಲು ಮಾಡಿದಳು. ಮಾಡಿದವಳು ಹಾಗೇ ಹಿಡಿದುಕೊಂಡು ಕೂತಳು. ಕೆಳಗಿನ ಅಂಚನ್ನು ಕಣ್ಣ ಹತ್ತಿರ ತಂದಳು. ಒಂದು ಮಡಿಕೆ, ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಬದಿಯ ಹೊಲಿಗೆಗಳ ಒಳಗೆ ಎರಡೆರಡು ಬೆರಳು ಅಗಲ ಬಟ್ಟೆ. ಭುಜದಲ್ಲೂ ಒಂದು ಮಡಿಕೆ.

"ಇಷ್ಟ್ಯಾಕ ಬಟ್ಟಿ ಒಳಗ ಬಿಟ್ಟೀದಿ?" ಎಂದಳು.

"ಬೆಳಿಯೂ ಕೂಸಲ್ರಿ," ಎಂದಳು ಚಿಗವ್ವ, ತಲೆ ಎತ್ತದೆ. "ವರ್ಷಾ ಒಂದೊಂದು ಮಡಿಕಿ ಬಿಚಗೊಂತ ಹೋದ್ರ ಏಳನೇ ಇಯತ್ತೆ ಮುಗಿಯೂತನಕ ಬರತೈತಿ ಅಂತ ಬಿಟ್ಟೀನಿ."

"ಯಾವಾಗ ಹೊಲದಿ ಇದನ್ನ?"

"ಬಂದ ವಾರದಾಗ್ರಿ. ಈ ಮನಿಯಾಗ ಮೊದಲ ಹೊಲದದ್ದು ಅದs."

ಆಯಿ ಮಡಿಕೆಗಳನ್ನು ಇನ್ನೊಮ್ಮೆ ಬೆರಳಿನಿಂದ ಮುಟ್ಟಿ ನೋಡಿದಳು. "ಬಂದ ವಾರದಾಗ," ಎಂದು ತನಗೇ ಹೇಳಿಕೊಂಡಳು. ಫ್ರಾಕನ್ನು ಸರಿಮಗ್ಗಲು ಮಾಡಿ, ಸುಕ್ಕು ಬಿಡಿಸಿ, ನನ್ನ ಕೈಗೆ ಕೊಟ್ಟಳು. "ಹೋಗು, ಗೂಟಕ್ಕ ಹಾಕು. ಇದಕ್ಕ ಕತ್ತರಿ ಹಚ್ಚಬಾರದು." ಆಮೇಲೆ ಚಿಗವ್ವನ ಕಡೆ ತಿರುಗಿ, "ನಿಂದs ಒಂದು ಸೀರಿ ತುಂಡು ತಗೊಂಡು ಬಾ" ಎಂದಳು.

ಚಿಗವ್ವ ಆಯಿಯ ಮುಖ ನೋಡಿದಳು, ತಾನು ಕೇಳಿದ್ದು ನಿಜವೇ ಎನ್ನುವಂತೆ. ಎದ್ದು ಟ್ರಂಕು ತೆರೆದು ಒಂದು ಸೀರೆ ತಂದಳು. ಮದುವೆಯ ಹಸಿರು ಸೀರೆ, ಗಂಜಿ ಕೂಡ ಬಿಟ್ಟಿರಲಿಲ್ಲ. ಆಯಿ ಮುಟ್ಟಿ ನೋಡಿ ಕೈ ಹಿಂದೆ ತೆಗೆದಳು.

"ಹುಚ್ಚಿ, ಇದು ಹೊಸಾದು. ಬಿರಸು ಬಟ್ಟಿ ಹಚ್ಚಿದ್ರ ಮೆತ್ತಗಿಂದನ್ನ ಜಗ್ಗಿ ಹರಿತೈತಿ. ಹಳೇದು ತಗೊಂಡು ಬಾ."

"ಹಳೇದಿಲ್ರಿ ನನ್ನ ಹತ್ರ. ಹಳೇವನ್ನೆಲ್ಲಾ ತಂಗಿದೇರಿಗೆ ಬಿಟ್ಟು ಬಂದೀನಿ. ಇರೂವೆಲ್ಲಾ ಲಗ್ನದಾಗ ಬಂದೂವು."

ನಾನು ಫ್ರಾಕ್ ಹಿಡಿದುಕೊಂಡು ಗೂಟದ ಕೆಳಗೇ ನಿಂತಿದ್ದೆ. ಆಯಿ ಕೌದಿಯನ್ನು ತಲೆದೆಸೆಯಿಂದ ಮಡಚುತ್ತ ಬಂದಳು. ತೂತು ಒಳಗೆ ಮುಚ್ಚಿ ಹೋಯಿತು. ಮಡಚಿದ್ದನ್ನು ಚಿಗವ್ವನ ತೊಡೆಯ ಮೇಲಿಟ್ಟಳು.

"ಹಂಗಾರ ಇದು ಹಳೇದಾಗಲಿ," ಎಂದಳು ಹಸಿರು ಸೀರೆ ತೋರಿಸಿ. "ಉಡು, ಒಗಿ. ಮತ್ತ ಉಡು. ಗಂಗಾನ ಸೀರಿಯಷ್ಟು ಮೆತ್ತಗಾದ ಮ್ಯಾಲ ತೂತಿಗೆ ಹಚ್ಚು. ಅಲ್ಲೀಮಟ ಕೌದಿ ಇಲ್ಲೇ ಇರಲಿ. ಕೂಸೂ ಇಲ್ಲೇ ಇರಲಿ."

ನಾನು ಗೊಳೋ ಎಂದು ಅತ್ತೆ. ಶುಕ್ರವಾರ ಆಯಿ ಒಬ್ಬಳೇ ರೈಲು ಹತ್ತಿದಾಗ ಇನ್ನೊಮ್ಮೆ ಅತ್ತೆ. ಅವಳು ನನ್ನನ್ನು ಬಿಟ್ಟು ಹೋದಳೆಂದು ನನಗೆ ಬಹಳ ದುಃಖವಾಯಿತು, ಸಿಟ್ಟೂ ಬಂತು. ಮನೆಗೆ ಬರುವ ದಾರಿಯಲ್ಲಿ ಅಪ್ಪ ಕೊಡಿಸಿದ ಪೇಪರ್‍ಮಿಂಟನ್ನೂ ಅಳುತ್ತಲೇ ತಿಂದೆ.

ಶನಿವಾರ ಬೆಳಿಗ್ಗೆ ಎದ್ದು ಗ್ಯಾಲರಿಗೆ ಬಂದರೆ ಕೆಳಗೆ ನಳದ ಮುಂದೆ ಕೊಡಗಳ ಸಾಲು. ಸಾಲಿನಲ್ಲಿ ಚಿಗವ್ವ ಮದುವೆಯ ಹಸಿರು ಸೀರೆ ಉಟ್ಟು, ನೆರಿಗೆ ಎತ್ತಿ ಕಟ್ಟಿ, ಕೊಡ ಹಿಡಿದು ನಿಂತಿದ್ದಳು. ಹೆಂಗಸರೆಲ್ಲ ತಿರುಗಿ ತಿರುಗಿ ನೋಡುತ್ತಿದ್ದರು. ಗಿರಿಜಕ್ಕ ತಡೆಯಲಾರದೆ ಕೇಳಿಯೇಬಿಟ್ಟರು, "ಎಂತ ನೀಲಮ್ಮ, ಬೆಳಿಗ್ಗೆ ಬೆಳಿಗ್ಗೆ ಧಾರೆ ಸೀರೆ? ಇವತ್ತು ಎಂತ ವಿಶೇಷ ಉಂಟು?"

"ವಿಶೇಷ ಏನಿಲ್ರಿ," ಎಂದಳು ಚಿಗವ್ವ, ಕೊಡವನ್ನು ನಳದ ಕೆಳಗೆ ಇಡುತ್ತ. "ಹಳೇದು ಮಾಡಾಕತ್ತೀನಿ."